ಬತ್ತೀನಿ ಅಂದು ಹೋದವನು

ಮನೆ ಕಟ್ಟುವಾಗ ಒಲೆ ಎಲ್ಲಿ ಹಾಕಬೇಕು ಎಂದು ಮೇಸ್ತ್ರಿ ಕೇಳಿದ. ಒಲೆ ಬೇಡ ಎಂದ ದೇವರಾಜ. ತಾನೇ ತಪ್ಪಾಗಿ ಕೇಳಿಸಿಕೊಂಡೆ ಎಂದುಕೊಂಡ ಮೇಸ್ತ್ರಿ, ಹೊಗೆಗೂಡು ಯಾವ ಕಡೆಗೆ ಎಂದು ಇನ್ನೊಂದು ರೀತಿಯಲ್ಲಿ ಕೇಳಿ ನೋಡಿದ. ಅದೂ ಬೇಡ, ಸೊಂಟದ ಮಟ್ಟಕ್ಕೆ ಒಂದು ಕಟ್ಟೆ ಹಾಕಿ ಮೇಲೆ ನುಣ್ಣಗೆ ಸಿಮೆಂಟು ಬಳಿದರೆ ಸಾಕು, ನಾವು ಗ್ಯಾಸ್ ತರುತ್ತೇವೆ ಎಂದ ದೇವರಾಜ. ಬಾಳಗಡಿಯ ಅಂಚಿನ ಗುಡ್ಡದಲ್ಲಿ, ಸರ್ಕಾರ ಹಂಚಿದ ಸೈಟಿನಲ್ಲಿ ಎರಡು ಕೋಣೆ ಕಟ್ಟಿಸುತ್ತಿದ್ದ ಪಿಕಪ್ ಡ್ರೈವರನ ಬಾಯಲ್ಲಿ ಈ ಮಾತು ಕೇಳಿ ಮೇಸ್ತ್ರಿಗೆ ನಗು ಬಂತು.

“ಗ್ಯಾಸ್ ಖಾಲಿಯಾದ ದಿನ ಎಂತ ಮಾಡ್ತೀಯ ಮಾರಾಯ? ಕಟ್ಟೆ ನೆಕ್ಕಾದಾ?”

ಇಟ್ಟಿಗೆಗೆ ನೀರು ಎರಚುತ್ತಿದ್ದ ಸುಮಲತಾ ಗಂಡನ ಮುಖ ನೋಡಿದಳು. ದೇವರಾಜ ನಗಲಿಲ್ಲ.

ಅವನು ನಗದೆ ಇದ್ದದ್ದು ತಾಯಿಯ ಕಾರಣಕ್ಕೆ. ಶಾಂತಕ್ಕ ನೆಮ್ಮಾರಿನ ತೋಟವೊಂದರ ಕೂಲಿ ಲೈನಿಗೆ, ಆಳುಗಳ ಸಾಲುಮನೆಗೆ, ಮದುವೆಯಾಗಿ ಬಂದು ಅಲ್ಲಿಯೇ ಮುದುಕಿಯಾದವಳು. ವರ್ಷವಿಡೀ ಕಿಟಕಿಯಿಲ್ಲದ ಕೋಣೆಯಲ್ಲಿ ಹಸಿ ಸೌದೆ ಊದಿ ಅಡುಗೆ ಮಾಡಿದಳು. ಅಡಿಕೆ ಕೊಯ್ಲಿನ ಕಾಲದಲ್ಲಿ ಧಣಿಗಳ ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಬೆಂಕಿ ಒಟ್ಟುವ ಕೆಲಸವೂ ಅವಳದೇ. ಬೇರೆ ಹೆಂಗಸರು ಕಣ್ಣುರಿ ಎಂದು ಎದ್ದು ಹೋದರೆ ಇವಳು ಸೆರಗು ಮೂಗಿಗೆ ಕಟ್ಟಿಕೊಂಡು ಕೂತೇ ಇರುತ್ತಿದ್ದಳು. ಈಗ ಅವಳ ಎದೆಯೊಳಗೆ ಸದಾ ಬೆಕ್ಕಿನ ಮರಿಯೊಂದು ಗುರುಗುಟ್ಟುವ ಸದ್ದು. ಕೊಪ್ಪದ ಡಾಕ್ಟರು ಕೊಳವೆ ಇಟ್ಟು ಕೇಳಿ, ಮಾತ್ರೆ ಬರೆದುಕೊಟ್ಟು, ದೇವರಾಜನನ್ನು ಮಾತ್ರ ಹೊರಗೆ ಕರೆದು ಹೇಳಿದ್ದರು. ಮಾತ್ರೆ ನೆಪಕ್ಕೆ, ಔಷಧಿ ಎಂದರೆ ಹೊಗೆ ಬಿಡಿಸುವುದು. ಇನ್ನೊಂದು ಮಳೆಗಾಲ ಹೊಗೆಯಲ್ಲಿ ಕೂತರೆ ಇವರು ಉಳಿಯುವುದಿಲ್ಲ.

ಇದನ್ನು ಕೇಳಿದ ಮೇಲೇ ದೇವರಾಜ ಲೈನು ಬಿಡುವ ತೀರ್ಮಾನ ಮಾಡಿದ್ದು. ಮಳೆ ಹಿಡಿಯುವುದರೊಳಗೆ ಹೊಸ ಮನೆಗೆ ಗ್ಯಾಸ್ ಬರಬೇಕು, ಅಷ್ಟೆ ಲೆಕ್ಕ. ಗಂಡ ಪಿಕಪ್ಪಿನಲ್ಲಿ ಶುಂಠಿ, ಬಾಳೆಕಾಯಿ ಹೇರಿಕೊಂಡು ಊರೂರು ಸುತ್ತುವವನಾದ್ದರಿಂದ ಆ ಕೆಲಸ ಸುಮಲತಾಳ ಪಾಲಿಗೆ ಬಂತು. ಅವಳು ಏಳನೇ ಕ್ಲಾಸು ಓದಿದ್ದಳು. ಸಹಿ ಹಾಕಲು, ಬೋರ್ಡು ಓದಲು, ಕೌಂಟರಿನ ಮುಂದೆ ನಿಂತು ಮಾತಾಡಲು ಅಷ್ಟು ಸಾಕು ಎಂದು ಇಬ್ಬರೂ ನಂಬಿದ್ದರು.

ಕೊಪ್ಪ ಪೇಟೆಯ ಗ್ಯಾಸ್ ಏಜೆನ್ಸಿಯ ಕೌಂಟರಿನಲ್ಲಿ ನೀಲಾಂಬಿಕೆ ಎಂಬ ಹೆಂಗಸು ಕೂರುತ್ತಿದ್ದಳು. ಕೆಟ್ಟವಳಲ್ಲ. ಗದರುತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು, ಎಲ್ಲ ಉತ್ತರವೂ ‘ಆಗುತ್ತೆ’ ಅಥವಾ ‘ಬರ್ತಾರೆ’ ಎಂದು ಮುಗಿಯುತ್ತಿತ್ತು. ಮೊದಲ ದಿನ ಅವಳು ಸುಮಲತಾಳ ರೇಷನ್ ಕಾರ್ಡನ್ನು ತಿರುಗಿಸಿ ನೋಡಿ, ಇದು ನೆಮ್ಮಾರಿನ ಕಾರ್ಡು, ನೆಮ್ಮಾರು ಶೃಂಗೇರಿ ತಾಲ್ಲೂಕು, ನೀವು ಶೃಂಗೇರಿ ಏಜೆನ್ಸಿಗೆ ಹೋಗಬೇಕು ಎಂದಳು. ಸುಮಲತಾ ಬಸ್ಸು ಹತ್ತಿ ಶೃಂಗೇರಿಗೆ ಹೋದಳು. ಅಲ್ಲಿ ಕನ್ನಡಕದ ಗಂಡಸೊಬ್ಬ ಕಾರ್ಡು ಮುಟ್ಟದೆಯೇ, ಮನೆ ಎಲ್ಲಿ ಎಂದು ಕೇಳಿದ. ಬಾಳಗಡಿ ಎಂದಳು. ಬಾಳಗಡಿ ಕೊಪ್ಪದ್ದಲ್ಲವಾ, ನಮ್ಮ ಲಾರಿ ಅಲ್ಲಿಗೆ ಬರುವುದಿಲ್ಲ ಎಂದು ಅವನು ಮುಂದಿನವರನ್ನು ಕರೆದ. ಅವಳು ವಾಪಸು ಬಂದು ಹೀಗೆ ಹೇಳಿದರು ಎಂದಾಗ ನೀಲಾಂಬಿಕೆಗೆ ನಿಜಕ್ಕೂ ಬೇಸರವಾಯಿತು. ಅವರು ಹಾಗನ್ನಬಾರದಿತ್ತು ಎಂದಳು. ಆಮೇಲೆ ಪಂಚಾಯ್ತಿಯಿಂದ ವಾಸದ ಪತ್ರ ತರಲು ಹೇಳಿದಳು. ಪಂಚಾಯ್ತಿಯವರು ಕರೆಂಟಿನ ಬಿಲ್ಲು ತಂದರೆ ಪತ್ರ ಕೊಡುವುದಾಗಿ ಹೇಳಿದರು. ಕರೆಂಟು ಎಂದು ಬಂದದ್ದು ಸರ್ಕಾರ ಪುಕ್ಕಟೆ ಕೊಟ್ಟ ಒಂದೇ ಬಲ್ಬಿನದು, ಅದಕ್ಕೆ ಬಿಲ್ಲು ಬರುತ್ತಿರಲಿಲ್ಲ. ಹೀಗೆ ತಿರುಗಿ ತಿರುಗಿ ಕೊನೆಗೆ ಪತ್ರವಾಗಿ, ಹೆಸರು ಕಂಪ್ಯೂಟರಿಗೆ ಏರುವಷ್ಟರಲ್ಲಿ ಮಾವಿನ ಮಿಡಿಯ ಕಾಲ ಮುಗಿದಿತ್ತು. ಸುಮಲತಾ ಕೂಲಿಗೆ ಹೋಗುತ್ತಿದ್ದ ತೋಟದಲ್ಲಿ ಹಾಜರಿ ಬರೆಯುವ ರೈಟ್ರು, ಇನ್ನೊಂದು ದಿನ ರಜೆ ಹಾಕಿದರೆ ಬೇರೆ ಆಳು ನೋಡುತ್ತೇನೆ ಎಂದಿದ್ದರು.

ಮನೆ ಒಕ್ಕಲಿನ ದಿನ ಹಾಲುಕ್ಕಿಸಿದ್ದು ಅಂಗಳದಲ್ಲಿ, ಮೂರು ಕಲ್ಲಿನ ಮೇಲೆ. ಶಾಂತಕ್ಕನಿಗೆ ಅದು ಹಿಡಿಸಲಿಲ್ಲ. ಹಾಲು ಒಳಗೆ ಉಕ್ಕಬೇಕು, ಅಂಗಳದಲ್ಲಿ ಉಕ್ಕಿಸಲು ಇದೇನು ಜಾತ್ರೆಗೆ ಬಂದವರ ಬಿಡಾರವಾ ಎಂದು ಕೇಳಿದಳು. ಗ್ಯಾಸ್ ಬಂದ ದಿನ ಒಳಗೆ ಇನ್ನೊಂದು ಸಲ ಉಕ್ಕಿಸೋಣ ಎಂದು ದೇವರಾಜ ಸಮಾಧಾನ ಮಾಡಿದ. ಅವಳು ದಿನಕ್ಕೊಂದು ಸಲ ಅಡುಗೆ ಕೋಣೆಗೆ ಹೋಗಿ ಆ ನುಣ್ಣನೆಯ ಕಟ್ಟೆಯ ಮೇಲೆ ಕೈಯಾಡಿಸಿ ಬರುತ್ತಿದ್ದಳು. ಸೊಸೆಯ ಮೇಲೆ ಅವಳಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಗುಡ್ಡದ ಬುಡದಲ್ಲಿದ್ದ ಗಿರಿಯಮ್ಮನ ಅಂಗಡಿಯವರೆಗೂ ಸುದ್ದಿ ಮುಟ್ಟಿಸುತ್ತಿದ್ದಳು. ಆದರೆ ಹೊಸ ಮನೆಗೆ ಬಂದು, ಹೊರಗೆ ಗಾಳಿಯಲ್ಲಿ ಅಡುಗೆಯಾಗತೊಡಗಿದ ಮೇಲೆ ಅವಳ ಎದೆಯ ಬೆಕ್ಕಿನ ಮರಿ ಅರ್ಧಕ್ಕರ್ಧ ಸುಮ್ಮನಾಗಿತ್ತು. ಗುಡ್ಡ ಇಳಿದು ಗಿರಿಯಮ್ಮನ ಅಂಗಡಿಗೆ ಹೋಗಿ, ನಿಲ್ಲದೆ ಹತ್ತಿ ಬರುತ್ತಿದ್ದಳು. ಡಾಕ್ಟರು ಹೇಳಿದ್ದು ಸುಳ್ಳಲ್ಲ ಎಂದು ಸುಮಲತಾಳಿಗೆ ಖಾತ್ರಿಯಾದದ್ದು ಆಗ.

ಇನ್ನುಳಿದದ್ದು ಒಂದೇ. ಏಜೆನ್ಸಿಯ ಹುಡುಗರು ಬಂದು ಅಡುಗೆ ಕೋಣೆ ನೋಡಬೇಕು. ಕಟ್ಟೆ ಎತ್ತರ ಇದೆಯೇ, ಅದೇ ಕೋಣೆಯಲ್ಲಿ ಸೌದೆ ಒಲೆ ಇಲ್ಲವೇ ಎಂದು ನೋಡಿ ಸರಿ ಎಂದರೆ ಸಿಲಿಂಡರ್ ಬರುತ್ತದೆ. ಈ ವಾರ ಬರ್ತಾರೆ ಎಂದಳು ನೀಲಾಂಬಿಕೆ. ಗಿರಿಯಮ್ಮನ ಅಂಗಡಿಯಲ್ಲಿ ಹಳದಿ ಬಣ್ಣದ ಕಾಯಿನ್ ಬಾಕ್ಸ್ ಫೋನು ನೇತುಹಾಕಿದ್ದರು. ಸುಮಲತಾ ಕೆಲಸಕ್ಕೆ ಹೋಗುವ ಮುಂಚೆ ಅಲ್ಲಿಂದ ಫೋನು ಮಾಡುತ್ತಿದ್ದಳು. ಒಮ್ಮೊಮ್ಮೆ ಲೈನು ಸಿಗುತ್ತಿರಲಿಲ್ಲ. ಸಿಕ್ಕಿದರೆ ನೀಲಾಂಬಿಕೆ, ಒಂದು ನಿಮಿಷ ಎಂದು ರಿಸೀವರನ್ನು ಮೇಜಿನ ಮೇಲಿಟ್ಟು ಇನ್ನೊಬ್ಬರ ಜೊತೆ ಮಾತಾಡುತ್ತಿದ್ದಳು, ಇತ್ತ ನಾಣ್ಯ ಟಣ್ ಎಂದು ಒಳಗೆ ಬಿದ್ದು ಲೈನು ಕತ್ತರಿಸುತ್ತಿತ್ತು.

“ನಿನ್ನ ದುಡ್ಡಲ್ಲಿ ಈ ಡಬ್ಬಿ ತುಂಬ್ತು ಕಣೆ” ಎಂದಳು ಗಿರಿಯಮ್ಮ. “ಗ್ಯಾಸಿನೋನು ಬರಕ್ಕೆ ಮೊದಲು ಇದನ್ನ ಖಾಲಿ ಮಾಡೋನು ಬರ್ತಾನೆ ನೋಡು.”

ಕಾದು ಕಾದು ಸಾಕಾಗಿ ಸುಮಲತಾ ಕೆಲಸಕ್ಕೆ ಹೋದ ದಿನವೇ ಅವನು ಬಂದ. ಹೆಸರು ಉಮಾಮಹೇಶ್ವರ, ಏಜೆನ್ಸಿಯ ಫಿಟ್ಟರ್. ಬೈಕನ್ನು ಕೆಳಗೆ ನಿಲ್ಲಿಸಿ ಗುಡ್ಡ ಹತ್ತಿ ಬೆವರಿಕೊಂಡು ಬಂದಿದ್ದ. ಮನೆಯಲ್ಲಿ ಶಾಂತಕ್ಕ ಒಬ್ಬಳೇ ಇದ್ದಳು.

ಮುಂದೆ ಆದದ್ದನ್ನು ಸಂಜೆ ಶಾಂತಕ್ಕನೇ ಹೇಳಿದಳು, ಹಬ್ಬದ ಸುದ್ದಿ ಹೇಳುವ ಹಾಗೆ. ಹೊಸ ಮನೆಗೆ ಮೊದಲ ಸಲ ಒಬ್ಬ ಹೊರಗಿನವನು ಬಂದಿದ್ದಾನೆ. ಅದೂ ಆಫೀಸಿನವನು. ಬಾಯಾರಿಕೆಗೆ ಕೊಡದೆ ಕಳಿಸುವುದು ಹೇಗೆ? ಬೇಡ ಬೇಡ ಅಂದನಂತೆ. ಬೇಡ ಅನ್ನುವುದು ಮರ್ಯಾದೆಯ ಮಾತು ಎಂದು ಅವಳಿಗೆ ಗೊತ್ತಿಲ್ಲವೇ. ಹೊರಗೆ ಅಂಗಳದಲ್ಲಿ ಹನಿ ಬೀಳತೊಡಗಿ ಮೂರು ಕಲ್ಲು ಒದ್ದೆಯಾಗಿತ್ತು. ಎರಡು ಇಟ್ಟಿಗೆ ಎತ್ತಿಕೊಂಡು ಒಳಗೆ ಹೋದಳು. ಆ ನುಣ್ಣನೆಯ ಕಟ್ಟೆಯ ಮೇಲೆಯೇ ಇಟ್ಟಿಗೆ ಇಟ್ಟು, ತೆಂಗಿನ ಗರಿ ತುರುಕಿ, ಕಡ್ಡಿ ಗೀರಿ, ಬೆಲ್ಲದ ಕಾಪಿ ಕಾಯಿಸಿಬಿಟ್ಟಳು. ನಡುವೆ ಕೆಮ್ಮು ಬಂತು, ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಂತಳು. ಆದರೂ ಕಾಪಿ ಚೆನ್ನಾಗಿ ಆಯಿತು. ಅವನು ಅಡುಗೆ ಕೋಣೆಯ ಬಾಗಿಲಲ್ಲೇ ನಿಂತು ಕುಡಿದ. ಅತ್ತ ಇತ್ತ ನೋಡಿದ. ಲೋಟ ಕೆಳಗಿಟ್ಟ.

“ಎಂತ ಅಂದ ಕೊನೆಗೆ?” ಸುಮಲತಾಳ ದೃಷ್ಟಿ ಕಟ್ಟೆಯ ಮೇಲಿನ ಮಸಿಯ ಮೇಲಿತ್ತು.

“ಬತ್ತೀನಿ ಅಂದ. ಬತ್ತೀನಮ್ಮಾ ಅಂತ ಕೈ ಮುಗ್ದು ಹೋದ. ಒಳ್ಳೆ ಹುಡುಗ.”

ಬತ್ತೀನಿ ಎಂದನಲ್ಲ, ಸಿಲಿಂಡರ್ ತರುತ್ತಾನೆ. ದೇವರಾಜನೂ ಹಾಗೆಯೇ ಅರ್ಥ ಮಾಡಿಕೊಂಡ. ಸುಮಲತಾಳ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿತು, ಆದರೆ ಅತ್ತೆ ಅಷ್ಟು ಗೆಲುವಾಗಿ ಕೂತಿರುವಾಗ ಕೆದಕಲು ಹೋಗಲಿಲ್ಲ. ಕೇಳಲು ಭಯವೂ ಇತ್ತೇನೋ. ಮೂವರೂ ಕಾದರು. ಶಾಂತಕ್ಕ ಬಾಗಿಲಲ್ಲಿ ಕೂತು ಕೆಳಗಿನ ರಸ್ತೆಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಕತ್ತು ಎತ್ತುತ್ತಿದ್ದಳು. ಲಾರಿ ಬರಬೇಕಲ್ಲ, ಸ್ಟಾಕು ಬರಬೇಕಲ್ಲ, ಬತ್ತೀನಿ ಅಂದವನು ಬರದೆ ಇರುತ್ತಾನಾ ಎಂದು ಅವಳೇ ಇವರಿಗೆ ಸಮಾಧಾನ ಹೇಳುತ್ತಿದ್ದಳು.

ಅವನು ಬರುವ ಮುಂಚೆ ಮಳೆ ಬಂತು. ಬಂದು ಹೋಗುವ ಮಳೆಯಲ್ಲ, ಹಿಡಿದ ಮಳೆ. ಅಂಗಳದ ಮೂರು ಕಲ್ಲಿನ ಮೇಲೆ ದೇವರಾಜ ಕಟ್ಟಿದ್ದ ಪ್ಲಾಸ್ಟಿಕ್ ತಾಡಪಾಲನ್ನು ಗುಡ್ಡದ ಗಾಳಿ ಎರಡನೇ ದಿನಕ್ಕೇ ಹರಿದು ಹಾಕಿತು. ರೇಷನ್ ಸೀಮೆಎಣ್ಣೆ ದೀಪಕ್ಕೆ ಸಾಲುವಷ್ಟು ಮಾತ್ರ. ಕರೆಂಟಿನ ಸುರುಳಿ ಒಲೆ ತಂದು ಸಿಕ್ಕಿಸಿದರೆ ಬಲ್ಬು ಸಮೇತ ಎಲ್ಲವೂ ಆರಿ, ಲೈನ್‌ಮನ್ ಬಂದು ಬೈದು ಹೋದ. ಗಿರಿಯಮ್ಮನ ಒಲೆಯಲ್ಲಿ ಒಂದೆರಡು ದಿನ ಬೇಯಿಸಿದರು. ಇನ್ನೊಬ್ಬರ ಒಲೆಯ ಮುಂದೆ ಸರದಿ ಕಾಯುವುದು ಎಷ್ಟು ದಿನ ನಡೆದೀತು? ಕೊನೆಗೆ ಬೆಂಕಿ ಒಳಗೆ ಬಂತು. ಗ್ಯಾಸಿಗೆಂದು ಕಟ್ಟಿದ, ಹೊಗೆಗೂಡಿಲ್ಲದ, ಒಂದು ಅಂಗೈಯಗಲದ ಕಿಂಡಿ ಮಾತ್ರ ಇದ್ದ ಆ ಕೋಣೆಯೊಳಗೆ. ನೆಮ್ಮಾರಿನ ಲೈನೇ ವಾಸಿಯಾಗಿತ್ತು. ಅಲ್ಲಿ ಹಂಚಿನ ಸಂದಿಯಿಂದ ಹೊಗೆ ಹೋಗುತ್ತಿತ್ತು. ಇಲ್ಲಿ ಮೇಲೆ ಸಿಮೆಂಟು ಶೀಟು, ಹೊಗೆ ಮೇಲೆ ಮುಟ್ಟಿ ಕೆಳಗೆ ಇಳಿಯುತ್ತಿತ್ತು.

ಬೆಂಕಿ ಹಚ್ಚುವವಳು ಸುಮಲತಾ. ಅವಳು ಕಡ್ಡಿ ಗೀರುವ ಸದ್ದು ಕೇಳಿದ ಕೂಡಲೆ ಶಾಂತಕ್ಕ ಎದ್ದು, ಕಂಬಳಿ ಹೊದ್ದು, ಹೊರಗೆ ಸೂರಿನಡಿ ಹೋಗಿ ಕೂರುತ್ತಿದ್ದಳು. ಎರಚಲು ಮೊಣಕಾಲವರೆಗೆ ನೆನೆಸುತ್ತಿತ್ತು. ಅನ್ನ ಬಸಿದು, ಸಾರು ಇಳಿದು, ಹೊಗೆ ತಿಳಿಯಾದ ಮೇಲೆ ಒಳಗೆ ಬರುತ್ತಿದ್ದಳು. ಹೊರಗೆ ಕೂತರೆ ಚಳಿ, ಒಳಗೆ ಕೂತರೆ ಹೊಗೆ. ಬೆಕ್ಕಿನ ಮರಿ ಮತ್ತೆ ಗುರುಗುಟ್ಟತೊಡಗಿತು. ಸುಮಲತಾ ಎರಡು ಹೊತ್ತಿನ ಅಡುಗೆಯನ್ನು ಒಂದೇ ಹೊತ್ತು ಮಾಡಿದಳು. ಬಿಸಿನೀರು ಕಾಯಿಸುವುದನ್ನು ನಿಲ್ಲಿಸಿದಳು. ಅಷ್ಟೇ ಅವಳ ಕೈಯಲ್ಲಿದ್ದದ್ದು.

ಮಧ್ಯೆ ದೇವರಾಜ ಒಂದು ಉಪಾಯ ಮಾಡಿದ. ಅವನ ತಂಗಿ ಭವ್ಯ ಶೆಟ್ಟಿಕೊಪ್ಪದಲ್ಲಿ ಅಡಿಕೆ ತೋಟದವರೊಬ್ಬರ ಮನೆಯ ಕೆಲಸಕ್ಕೆ ಹೋಗುತ್ತಿದ್ದಳು. ಆ ಮನೆಯ ವನಜಮ್ಮ ತಮ್ಮಲ್ಲಿ ಹೆಚ್ಚಾಗಿದ್ದ ತುಂಬಿದ ಸಿಲಿಂಡರೊಂದನ್ನು ಕೊಡಲು ಒಪ್ಪಿದರು. ನರಸಿಂಹರಾಜಪುರದ ಕಡೆಗೆ ಬಾಡಿಗೆ ಸಿಕ್ಕಿದ ದಿನ ದೇವರಾಜ ಅದನ್ನು ಗೋಣಿಚೀಲದಲ್ಲಿ ಸುತ್ತಿ ಪಿಕಪ್ಪಿನಲ್ಲಿ ತಂದು, ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿಸಿದ. ಕೊಪ್ಪದಲ್ಲಿ ಒಂದು ಹಳೆಯ ಸ್ಟವ್ವೂ ರೆಗ್ಯುಲೇಟರೂ ಸಿಕ್ಕಿದವು. ರೆಗ್ಯುಲೇಟರು ಸಿಲಿಂಡರಿನ ಬಾಯಿಗೆ ಕೂರಲಿಲ್ಲ. ಒತ್ತಿದ, ತಿರುಗಿಸಿದ, ಅಂಗೈಯಿಂದ ಗುದ್ದಿದ. ಸಿಲಿಂಡರು ಒಂದು ಕಂಪನಿಯದು, ರೆಗ್ಯುಲೇಟರು ಇನ್ನೊಂದು ಕಂಪನಿಯದು. ಅದಕ್ಕೆ ಕೂರುವಂಥದ್ದು ಕೊಪ್ಪದಲ್ಲಿ ಎಲ್ಲೂ ಸಿಗಲಿಲ್ಲ. ತುಂಬಿದ ಸಿಲಿಂಡರು ಕೋಣೆಯ ಮೂಲೆಯಲ್ಲಿ ಕೂತಿತು, ಅದರ ಪಕ್ಕದಲ್ಲೇ ಸುಮಲತಾ ಸೌದೆ ಊದಿದಳು. ಗಿರಿಯಮ್ಮ ನೋಡಿ, ಬೆಂಕಿಯ ಪಕ್ಕ ಅದನ್ನಿಟ್ಟುಕೊಂಡು ಎಲ್ಲರೂ ಒಟ್ಟಿಗೆ ಹೋಗುವ ಯೋಚನೆಯಾ ಎಂದು ಬೈದ ಮೇಲೆ ದೇವರಾಜ ಅದನ್ನು ಶೆಟ್ಟಿಕೊಪ್ಪಕ್ಕೆ ವಾಪಸು ಹೊತ್ತ.

ಆ ಮೇಲೆ ಸುಮಲತಾ ರೈಟ್ರಿಗೆ ಹೇಳದೆಯೇ ರಜೆ ಹಾಕಿ ಏಜೆನ್ಸಿಗೆ ಹೋದಳು. ನೀಲಾಂಬಿಕೆ ಹೆಸರು ಹುಡುಕಿ, ನಿಮ್ಮದು ಕ್ಲೋಸ್ ಆಗಿದೆಯಲ್ಲ ಎಂದಳು. ಕ್ಲೋಸ್ ಎಂದರೆ ಕೆಲಸ ಮುಗಿದದ್ದು ಎಂದುಕೊಂಡ ಸುಮಲತಾ, ಇನ್ನೂ ಬಂದಿಲ್ಲ ಎಂದಳು. ನೀಲಾಂಬಿಕೆ ತಾಳ್ಮೆಯಿಂದ ವಿವರಿಸಿದಳು. ಹುಡುಗರು ಬಂದು ನೋಡಿದ್ದಾರೆ. ಅಡುಗೆ ಕೋಣೆಯಲ್ಲಿ, ಕಟ್ಟೆಯ ಮೇಲೆಯೇ ಸೌದೆ ಬೆಂಕಿ ಉರಿಯುತ್ತಿತ್ತು. ಅಂಥಲ್ಲಿಗೆ ಗ್ಯಾಸ್ ಕೊಡಲು ರೂಲ್ಸ್ ಇಲ್ಲ. ಬೇಕಾದರೆ ಹೊಸದಾಗಿ ಹೆಸರು ಕೊಡಿ, ಮತ್ತೆ ನೋಡಲು ಬರ್ತಾರೆ. ಅದನ್ನು ನಮಗೆ ಯಾಕೆ ಹೇಳಲಿಲ್ಲ ಎಂದು ಸುಮಲತಾ ಕೇಳಿದಳು. ನೀವು ಕೇಳಲಿಲ್ಲವಲ್ಲ ಎಂದಳು ನೀಲಾಂಬಿಕೆ. ಅಣಕದ ಮಾತಲ್ಲ, ನಿಜವಾಗಿಯೂ ಹಾಗೆಂದೇ ಅವಳು ತಿಳಿದಿದ್ದಳು.

ಉಮಾಮಹೇಶ್ವರ ಹಿಂದಿನ ಗೋಡೌನಿನಲ್ಲಿ ಖಾಲಿ ಸಿಲಿಂಡರುಗಳನ್ನು ಉರುಳಿಸುತ್ತಿದ್ದ. ಸುಮಲತಾ ಅಲ್ಲಿಗೇ ಹೋದಳು. ಅವನಿಗೆ ಗುಡ್ಡದ ಮನೆ ನೆನಪಿತ್ತು. ಮುದುಕಿಯೂ ನೆನಪಿದ್ದಳು.

“ನೀವು ಬರ್ತೀನಿ ಅಂದ್ರಂತೆ” ಎಂದಳು.

“ಯಾವಾಗ?”

“ಅವತ್ತು. ಹೋಗುವಾಗ.”

ಅವನು ಸಿಲಿಂಡರಿನ ಮೇಲೆ ಕೈಯೂರಿ ಅವಳನ್ನೇ ನೋಡಿದ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು.

“ಹೋಗುವಾಗ ಎಲ್ರೂ ಬರ್ತೀನಿ ಅಂತಲೇ ಅನ್ನಾದು ಮಾರಾಯ್ತಿ. ಒಬ್ರ ಮನೆ ಬಾಗಿಲಲ್ಲಿ ನಿಂತು ಹೋಗ್ತೀನಿ ಅನ್ನಕ್ಕಾಗುತ್ತಾ? ನೀನು ಅಂತೀಯಾ?”

ಅವಳು ಅನ್ನುವುದಿಲ್ಲ. ಯಾರೂ ಅನ್ನುವುದಿಲ್ಲ. ಹೆಣ ನೋಡಲು ಹೋದ ಮನೆಯಿಂದ ಮಾತ್ರ ಬರ್ತೀನಿ ಅನ್ನದೆ ಎದ್ದು ಬರುತ್ತಾರೆ.

“ಬೆಂಕಿ ನೋಡಿದ್ರಲ್ಲ, ಹೀಗಾದ್ರೆ ಗ್ಯಾಸ್ ಸಿಗಲ್ಲ ಅಂತ ಒಂದ್ ಮಾತು ಹೇಳಬೋದಿತ್ತು.”

“ಕಾಪಿ ಕುಡಿದು ಆ ಮಾತು ಹೇಳಾದು ಹೆಂಗೆ?” ಎಂದ ಅವನು. ಮತ್ತೆ ಸಿಲಿಂಡರು ಉರುಳಿಸತೊಡಗಿದವನು, “ಕಾಪಿ ಚೆನ್ನಾಗಿತ್ತು” ಎಂದೂ ಸೇರಿಸಿದ.

ಹೊಸದಾಗಿ ಹೆಸರು ಕೊಟ್ಟು ಸುಮಲತಾ ಮಳೆಯಲ್ಲಿ ನಡೆದೇ ಬಂದಳು. ಅತ್ತೆಗೆ ಇದನ್ನು ಹೇಳಬಾರದು ಎಂದು ದಾರಿಯುದ್ದಕ್ಕೂ ಅಂದುಕೊಂಡಳು. ಮನೆಗೆ ಬಂದರೆ ಶಾಂತಕ್ಕ ಸೂರಿನಡಿ ಕೂತಿದ್ದವಳು, “ಎಂತ ಅಂದ್ರು? ಯಾವಾಗ ಬತ್ತಾನಂತೆ ಆ ಹುಡುಗ?” ಎಂದು ಕೇಳಿದಳು. ಕೇಳಿದ ರೀತಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಸುಮಲತಾ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಹೇಳಿಬಿಟ್ಟಳು. ನಿಮ್ಮ ಕಾಪಿಯಿಂದ ಗ್ಯಾಸ್ ಹೋಯಿತು ಎಂದಳು. ಕಟ್ಟೆಯ ಮೇಲೆ ಬೆಂಕಿ ಹಚ್ಚಿದ್ದನ್ನು ನೋಡಿ ಅವನು ಬೇಡ ಎಂದು ಬರೆದುಕೊಂಡು ಹೋದ, ಬತ್ತೀನಿ ಅಂದದ್ದು ಬರುವುದಕ್ಕಲ್ಲ ಎಂದಳು.

ಶಾಂತಕ್ಕ, “ಬೇಡ ಅಂತ ಬರ್ಕೊಂಡೋನು ಕಾಪಿ ಯಾಕೆ ಕುಡ್ದ?” ಎಂದಳು. ಅವಳಿಗೆ ಅರ್ಥವಾಗದೆ ಉಳಿದದ್ದು ಅದೊಂದೇ. ಮರುದಿನ ಸುಮಲತಾ ತೋಟದಿಂದ ಬರುವಷ್ಟರಲ್ಲಿ ಶಾಂತಕ್ಕ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಕಟ್ಟೆಯ ಮಸಿಯನ್ನೆಲ್ಲ ಉಜ್ಜಿ ತೆಗೆದಿದ್ದಳು. ಉಸಿರು ಕಟ್ಟಿ ಅದರ ಬುಡದಲ್ಲಿಯೇ ಒರಗಿ ಕೂತಿದ್ದಳು. ತುಟಿ ನೇರಳೆಯಾಗಿತ್ತು. ಅದಾದ ಮೇಲೆ ಅವಳು ಚಾಪೆ ಬಿಟ್ಟು ಎದ್ದದ್ದು ಕಡಿಮೆ.

ಸುಮಲತಾ ಆವತ್ತಿನಿಂದ ಕಟ್ಟೆಯ ಮೇಲೆ ಬೆಂಕಿ ಹಚ್ಚಲಿಲ್ಲ. ಇಟ್ಟಿಗೆಗಳನ್ನು ನೆಲದ ಮೇಲಿಟ್ಟು ಬೇಯಿಸಿ, ಅಡುಗೆಯಾದ ಕೂಡಲೆ ಬೂದಿ ಬಾಚಿ, ಇಟ್ಟಿಗೆಯನ್ನು ಹಿತ್ತಲಿಗೆ ಎಸೆದು, ನೆಲ ಒರೆಸಿ ಇಡುತ್ತಿದ್ದಳು. ಯಾವ ಗಳಿಗೆಯಲ್ಲಿ ಬಂದರೂ ಅಲ್ಲಿ ಒಲೆ ಇದ್ದ ಗುರುತು ಕಾಣಬಾರದು. ಆದರೆ ಶಾಂತಕ್ಕ ಈಗ ಎದ್ದು ಹೊರಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಸುಮಲತಾ ಬೆಂಕಿ ಹಚ್ಚುವಾಗ ಎರಡು ಕೋಣೆಯ ನಡುವಿನ ಬಾಗಿಲಿಗೆ ಒದ್ದೆ ಸೀರೆ ಕಟ್ಟುತ್ತಿದ್ದಳು. ಅದರ ಆ ಕಡೆಯಿಂದ ಕೆಮ್ಮು ಕೇಳುತ್ತಿತ್ತು. ಕೆಲವು ಸಲ ಅನ್ನ ಅರ್ಧ ಬೆಂದಿರುವಾಗಲೇ ನೀರು ಹಾಕಿ ಬೆಂಕಿ ಆರಿಸಿದಳು. ಆರಿಸಿದ ಸೌದೆ ಉರಿಯುವ ಸೌದೆಗಿಂತ ಹೆಚ್ಚು ಹೊಗೆಯಾಡಿತು.

ಉಮಾಮಹೇಶ್ವರ ಎರಡನೇ ಸಲ ಬಂದಾಗ ಸುಮಲತಾ ಮನೆಯಲ್ಲಿದ್ದಳು. ರೈಟ್ರು ಬೇರೆ ಆಳು ನೋಡಿಕೊಂಡಿದ್ದರು. ಅವನು ಒದ್ದೆ ರೇನ್‌ಕೋಟು ಸೂರಿನಡಿ ಕೊಡವಿ ಒಳಗೆ ಬಂದ. ಕಟ್ಟೆ ನೋಡಿದ, ನೆಲ ನೋಡಿದ, ಗಾಳಿಗೆ ಮೂಗರಳಿಸಿದ. ಹೊಗೆ ವಾಸನೆ ಅವನಿಗೂ ಬಂದಿರಬೇಕು, ಏನೂ ಅನ್ನಲಿಲ್ಲ. ಚಾಪೆಯ ಮೇಲಿದ್ದ ಶಾಂತಕ್ಕ ಮೊಣಕೈಯೂರಿ ಎದ್ದು, ಕೂರಲು ಮಣೆ ಕೊಡು ಎಂದು ಸನ್ನೆ ಮಾಡಿದಳು. ಸುಮಲತಾ ಕೊಡಲಿಲ್ಲ. ನೀರು ಬೇಕಾ ಎಂದೂ ಕೇಳಲಿಲ್ಲ. ಅವನು ಸರಿ ಇದೆ ಎಂದ. ಇನ್ನೇನಿಲ್ಲ, ಮಂಗಳೂರಿಂದ ಲಾರಿ ಬರಬೇಕು, ಘಾಟಿಯಲ್ಲಿ ಮಣ್ಣು ಜರಿದಿದೆ, ಬಂದ ಕೂಡಲೆ ಆಗುತ್ತೆ ಎಂದ. ರೇನ್‌ಕೋಟು ಹಾಕಿಕೊಂಡು ಹೊಸಿಲ ಹೊರಗೆ ಕಾಲಿಟ್ಟ.

“ಬರ್ತೀನಿ” ಎಂದ.

“ಬರ್ತೀನಿ ಅನ್ನಬೇಡಿ” ಎಂದಳು ಸುಮಲತಾ. “ಬರೋದಾದ್ರೆ ಯಾವತ್ತು ಅಂತ ಹೇಳಿ. ಇಲ್ಲಾಂದ್ರೆ ಹೋಗ್ತೀನಿ ಅನ್ನಿ.”

ಅವನು ನಿಂತ. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚು ಕಸಿವಿಸಿ ಇತ್ತು. ಬಾಯಿ ತೆರೆದು, ಒಳಗೆ ಮಲಗಿದ್ದ ಮುದುಕಿಯ ಕಡೆ ನೋಡಿ, ಬಾಯಿ ಮುಚ್ಚಿದ. ಎರಡರಲ್ಲಿ ಯಾವುದನ್ನೂ ಹೇಳದೆ ಗುಡ್ಡ ಇಳಿದು ಹೋದ. ಬೈಕಿನ ಸದ್ದು ದೂರವಾಗುವವರೆಗೂ ಸುಮಲತಾ ಬಾಗಿಲಲ್ಲೇ ಇದ್ದಳು.

ಶಾಂತಕ್ಕನಿಗೆ ಸಿಟ್ಟು ಬಂದಿತ್ತು. ಉಸಿರು ಸಾಲದೆ ತುಂಡು ತುಂಡಾಗಿ ಬೈದಳು. ಬಾಳುವ ಮನೆಯ ಬಾಗಿಲಲ್ಲಿ ನಿಂತು ಅಂಥ ಮಾತು ಆಡಿಸುತ್ತಾರಾ, ಕಾಯಿಲೆಯವರು ಮಲಗಿರುವ ಮನೆಯಲ್ಲಿ ಹೋಗ್ತೀನಿ ಅನ್ನು ಎಂದು ಯಾರಾದರೂ ಹೇಳುತ್ತಾರಾ, ನಿನ್ನ ಅಪ್ಪನ ಮನೆಯಲ್ಲಿ ಇದನ್ನೇ ಕಲಿಸಿದ್ದಾ. ಸುಮಲತಾ ಕೇಳಿಸಿಕೊಂಡಳು. ಆಮೇಲೆ ಹಿತ್ತಲಿಂದ ಇಟ್ಟಿಗೆ ತಂದು, ಬಾಗಿಲಿಗೆ ಒದ್ದೆ ಸೀರೆ ಕಟ್ಟಿ, ಗಂಜಿಗೆ ಬೆಂಕಿ ಹಚ್ಚಿದಳು.

ಘಾಟಿಯ ಮಣ್ಣು ತೆಗೆದರು. ಲಾರಿ ಬಂತು ಎಂದು ಪೇಟೆಯಿಂದ ಬಂದವರು ಹೇಳಿದರು. ಸುಮಲತಾ ಗಿರಿಯಮ್ಮನ ಅಂಗಡಿಯಿಂದ ಫೋನು ಮಾಡಿದರೆ, ಬಂದ ಸ್ಟಾಕು ಹಳೆಯ ಗಿರಾಕಿಗಳ ರೀಫಿಲ್ಲಿಗೆ ಆಯಿತು, ಹೊಸ ಕನೆಕ್ಷನ್ನಿಗೆ ಮುಂದಿನ ಲಾರಿ ಎಂದಳು ನೀಲಾಂಬಿಕೆ. ಮನೆಯಲ್ಲಿ ಕಾಯಿಲೆಯವರಿದ್ದಾರೆ ಎಂದಳು ಸುಮಲತಾ. ಆಗುತ್ತೆ ಆಗುತ್ತೆ ಎಂದಳು ನೀಲಾಂಬಿಕೆ, ಕಕ್ಕುಲತೆಯಿಂದಲೇ.

ಶಾಂತಕ್ಕನಿಗೆ ಜ್ವರ ಏರಿ ಮಾತು ತೊದಲತೊಡಗಿದ ಬೆಳಗ್ಗೆ ದೇವರಾಜ ಮಾಲೀಕನನ್ನು ಕೇಳಿ ಪಿಕಪ್ ತಂದ. ತಾಯಿಯನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಇಳಿಸಿದ. ಸುಮಲತಾ ಮೇಲೆ ಕೊಡೆ ಹಿಡಿದು ಪಕ್ಕದಲ್ಲಿ ಜಾರುತ್ತ ಬಂದಳು. ಮುಂದಿನ ಸೀಟಿನಲ್ಲಿ ಕೂರಿಸಿ ಕಂಬಳಿ ಸುತ್ತುವಾಗ ಗಿರಿಯಮ್ಮ ಅಂಗಡಿಯಿಂದ ಎದ್ದು ಬಂದು ಕಿಟಕಿಯ ಹತ್ತಿರ ನಿಂತಳು. ಬೇಗ ಗುಣವಾಗಿ ಬಾ ಶಾಂತಕ್ಕ, ಹಾಲುಕ್ಕಿಸುವುದು ಬಾಕಿ ಇದೆಯಲ್ಲ ಎಂದಳು.

“ಹೋಗ್ತೀನಿ” ಎಂದಳು ಶಾಂತಕ್ಕ.

ಗಿರಿಯಮ್ಮ ಥಟ್ಟನೆ ಬಾಯಿಗೆ ಕೈಯಿಟ್ಟಳು. “ಬತ್ತೀನಿ ಅನ್ನು ಮಾರಾಯ್ತಿ. ಎಂತ ಮಾತು ಅದು? ಬತ್ತೀನಿ ಅನ್ನು.”

ಶಾಂತಕ್ಕ ಸೊಸೆಯ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ, ಉಪ್ಪು ಜಾಸ್ತಿಯಾದ ದಿನ ನೋಡುತ್ತಿದ್ದ ನೋಟವೇ ಇತ್ತು. “ಇವಳು ಹೇಳಿದ್ದು ಸರಿ” ಎಂದಳು. “ಬರಲ್ಲ ಅನ್ನೋರು ಹಂಗೆ ಹೇಳ್ಬೇಕು. ಕಾಯೋರಿಗೆ ಗೊತ್ತಾಗ್ಬೇಕು.”

ದೇವರಾಜ ಗಾಡಿ ಸ್ಟಾರ್ಟ್ ಮಾಡಿದ. ಆಸ್ಪತ್ರೆಗೆ ಗಂಜಿ ಮಾಡಿ ತರಲು ಸುಮಲತಾ ಉಳಿದಳು. ಮನೆಗೆ ಬಂದು ಬೆಂಕಿ ಹಚ್ಚಿದಳು. ಒದ್ದೆ ಸೀರೆ ಕಟ್ಟುವ ಅಗತ್ಯ ಇರಲಿಲ್ಲ. ಗಂಜಿ ತೆಗೆದುಕೊಂಡು ಬಸ್ಸಿನಲ್ಲಿ ಕೊಪ್ಪಕ್ಕೆ ಹೋಗುವಷ್ಟರಲ್ಲಿ ಅಲ್ಲಿಯ ಡಾಕ್ಟರು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂದು ಕಳಿಸಿಯಾಗಿತ್ತು. ಗಂಜಿಯ ಡಬ್ಬಿ ಹಿಡಿದು ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು. ಶಿವಮೊಗ್ಗ ಮುಟ್ಟಲಿಲ್ಲ. ತೀರ್ಥಹಳ್ಳಿ ದಾಟಿದ ಮೇಲೆ ದೇವರಾಜ ಗಾಡಿ ತಿರುಗಿಸಿದ.

ಶಾಂತಕ್ಕನನ್ನು ಹೊಸ ಮನೆಯ ಮುಂದಿನ ಕೋಣೆಯಲ್ಲಿ, ಅದೇ ಚಾಪೆಯ ಮೇಲೆ ಮಲಗಿಸಿದರು. ಶೆಟ್ಟಿಕೊಪ್ಪದಿಂದ ಭವ್ಯ ಬರುವವರೆಗೆ ಕಾಯಬೇಕಿತ್ತು. ಮರುದಿನ ಬೆಳಗ್ಗೆ ನೆಮ್ಮಾರಿನ ಲೈನಿನವರು ಬಂದರು, ಸೈಟಿನ ಅಕ್ಕಪಕ್ಕದವರು ಬಂದರು. ನೋಡಿದರು, ಸ್ವಲ್ಪ ಹೊತ್ತು ಕೂತರು, ಯಾರೂ ಏನೂ ಹೇಳದೆ ಎದ್ದು ಹೋದರು. ಗಿರಿಯಮ್ಮ ತನ್ನ ಮನೆಯಿಂದ ಕಾಪಿ, ಅವಲಕ್ಕಿ ತಂದುಕೊಟ್ಟಳು. ಬಂದ ಹೆಂಗಸೊಬ್ಬಳು ಅಡುಗೆ ಕೋಣೆಗೆ ಇಣುಕಿ, ಕಟ್ಟೆ ಎಷ್ಟು ಚೆನ್ನಾಗಿದೆ ಎಂದು ಇನ್ನೊಬ್ಬಳಿಗೆ ಮೆಲ್ಲಗೆ ಹೇಳಿದಳು. ಸುಮಲತಾ ಅಭ್ಯಾಸದ ಮೇಲೆ ಇಟ್ಟಿಗೆ ತರಲು ಹಿತ್ತಲಿಗೆ ಹೋಗಿ, ಅಲ್ಲಿ ನಿಂತು, ಬರಿಗೈಯಲ್ಲಿ ಹಿಂದೆ ಬಂದಳು. ಹೆಣ ಇರುವ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೆಂಕಿ ಒಳಗೆ ಬಂದ ಮೇಲೆ ಆ ಮನೆಯೊಳಗೆ ಹೊಗೆ ಏಳದ ಮೊದಲ ದಿನ ಅದು.